ಆರ್‌ಎನ್‌ಎ ಮತ್ತು ಪ್ರೋಟೀನು: ಜೀವಕೋಶದ ಜೋಡಿ ಕಾವಲುಗಾರರು

(ಸಂಘದ ವಾರ್ಷಿಕ ಸಮಾರಂಭದಲ್ಲಿ ನರಸಾಪುರದಲ್ಲಿ ನೀಡಿದ ಉಪನ್ಯಾಸದ ಬರಹರೂಪ)



ಇಂದಿನ ವಿಷಯದ ಹೆಸರು ಕೇಳಿದ ಕೂಡಲೇ ಹಿಂದಿನ ಸಾಲಿನಲ್ಲಿ ಕುಳಿತ ಕೆಲವರು ಪರಸ್ಪರ ಮುಖ ನೋಡಿಕೊಂಡಿರಿ. ಆರ್‌ಎನ್‌ಎ, ಪ್ರೋಟೀನು, ವಂಶವಾಹಿ, ಇವೆಲ್ಲ ಬೆಂಗಳೂರಿನ ದೊಡ್ಡ ಪ್ರಯೋಗಾಲಯದ ಮಾತು, ನರಸಾಪುರಕ್ಕೂ ಇದಕ್ಕೂ ಏನು ಸಂಬಂಧ ಎಂದು ನಿಮಗೆ ಅನ್ನಿಸಿರಬಹುದು. ಸಂಬಂಧವಿದೆ. ಅದನ್ನು ತೋರಿಸಲು ನಾನು ದೂರ ಹೋಗಬೇಕಾಗಿಲ್ಲ. ನಮ್ಮ ಕೋಲಾರ ಜಿಲ್ಲೆಯ ರೇಷ್ಮೆ ಸಾಕಣೆಯ ಮನೆಯಿಂದಲೇ ಪ್ರಾರಂಭಿಸುತ್ತೇನೆ.

ರೇಷ್ಮೆ ಹುಳು ಗೂಡು ಕಟ್ಟುವ ಮೊದಲು ನಾಲ್ಕು ಸಲ ಜ್ವರಕ್ಕೆ ಹೋಗುತ್ತದೆ ಎಂಬುದು ನಿಮಗೆಲ್ಲ ಗೊತ್ತು. ಆಗ ಹುಳು ಸೊಪ್ಪು ತಿನ್ನುವುದಿಲ್ಲ, ತಲೆ ಎತ್ತಿ ಸುಮ್ಮನೆ ಕೂರುತ್ತದೆ. ನಾವು ಸೊಪ್ಪು ಹಾಕುವುದನ್ನು ನಿಲ್ಲಿಸುತ್ತೇವೆ. ಚರ್ಮ ಕಳಚಿ ಜ್ವರ ಎದ್ದ ಮೇಲೆ ಮತ್ತೆ ತಿನ್ನಲು ತೊಡಗುತ್ತದೆ. ಇದು ಹೊರಗೆ ಕಾಣುವ ಸಂಗತಿ. ಒಳಗೆ ಏನಾಗುತ್ತದೆ? ಹುಳುವಿನ ರೇಷ್ಮೆ ಗ್ರಂಥಿಯಲ್ಲಿ ಫೈಬ್ರಾಯಿನ್ ಎಂಬ ಪ್ರೋಟೀನು ತಯಾರಾಗುತ್ತದೆ. ನಮ್ಮ ಸೀರೆಯ ಎಳೆ ಎಂದರೆ ಬಹುಪಾಲು ಅದೇ. ಆ ಫೈಬ್ರಾಯಿನ್‌ಗೆ ಬೇಕಾದ ವಂಶವಾಹಿ ಹುಳು ಸೊಪ್ಪು ತಿನ್ನುವಾಗ ತೆರೆದಿರುತ್ತದೆ. ಜ್ವರಕ್ಕೆ ಹೋದಾಗ ಮುಚ್ಚಿಕೊಳ್ಳುತ್ತದೆ. ಜ್ವರ ಎದ್ದಾಗ ಮತ್ತೆ ತೆರೆದುಕೊಳ್ಳುತ್ತದೆ. ಜಪಾನಿನ ವಿಜ್ಞಾನಿ ಯೋಶಿಆಕಿ ಸುಜುಕಿ ಮತ್ತು ಅವರ ಸಹೋದ್ಯೋಗಿ 1980ರಲ್ಲಿ ಇದನ್ನು ಪ್ರಯೋಗದಿಂದ ತೋರಿಸಿಕೊಟ್ಟರು. ಅದಕ್ಕೂ ಮೊದಲು, 1972ರಲ್ಲಿ, ಇದೇ ಸುಜುಕಿ ಅಮೆರಿಕದ ಡೊನಾಲ್ಡ್ ಬ್ರೌನ್ ಅವರೊಂದಿಗೆ ಫೈಬ್ರಾಯಿನ್‌ನ ಸಂದೇಶವಾಹಕ ಆರ್‌ಎನ್‌ಎಯನ್ನು ಬೇರ್ಪಡಿಸಿ ಗುರುತಿಸಿದ್ದರು. ಅಂದರೆ ಜಗತ್ತಿನ ದೊಡ್ಡ ವಿಜ್ಞಾನಿಗಳು ಪಾಠ ಕಲಿತದ್ದು ನಮ್ಮ ತಾಯಂದಿರು ಸೊಪ್ಪು ಹಾಕುವ ಈ ಹುಳುವಿನಿಂದಲೇ.

ಹಾಗಾದರೆ ಪ್ರಶ್ನೆ ಇಷ್ಟೇ. ವಂಶವಾಹಿಯನ್ನು ತೆರೆಯುವವರು ಯಾರು? ಮುಚ್ಚುವವರು ಯಾರು?

ಇದನ್ನು ತಿಳಿಯಲು ಜೀವಕೋಶವನ್ನು ಒಂದು ಕಾರ್ಖಾನೆಯೆಂದು ಭಾವಿಸಿ. ನರಸಾಪುರದವರಿಗೆ ಕಾರ್ಖಾನೆಯ ಒಳಹೊರಗನ್ನು ನಾನು ಹೇಳಿಕೊಡಬೇಕಾಗಿಲ್ಲ. ಕಾರ್ಖಾನೆಯಲ್ಲಿ ಮೂಲ ನಕ್ಷೆ ಕಚೇರಿಯ ಬೀರುವಿನಲ್ಲಿ ಇರುತ್ತದೆ. ಅದನ್ನು ಯಂತ್ರದ ಹತ್ತಿರಕ್ಕೆ ಯಾರೂ ಒಯ್ಯುವುದಿಲ್ಲ. ಬೇಕಾದ ಭಾಗದ ಪ್ರತಿ ತೆಗೆದು ಕೆಲಸಗಾರರ ಕೈಗೆ ಕೊಡುತ್ತಾರೆ. ಜೀವಕೋಶದಲ್ಲಿಯೂ ಹೀಗೆಯೇ. ಮೂಲ ನಕ್ಷೆ ಡಿಎನ್‌ಎ. ಅದು ಕೋಶಕೇಂದ್ರ ಎಂಬ ಕಚೇರಿಯನ್ನು ಬಿಟ್ಟು ಹೊರಗೆ ಬರುವುದಿಲ್ಲ. ಪ್ರತಿ ಎಂದರೆ ಆರ್‌ಎನ್‌ಎ. ಪ್ರತಿ ತೆಗೆಯುವ ಈ ಕೆಲಸಕ್ಕೆ ಪ್ರತಿಲೇಖನ ಎಂದು ಹೆಸರು. ಪ್ರತಿ ತೆಗೆಯುವ ಯಂತ್ರಕ್ಕೆ ಆರ್‌ಎನ್‌ಎ ಪಾಲಿಮರೇಸ್ ಎನ್ನುತ್ತಾರೆ. ಹೊರಗೆ ಬಂದ ಪ್ರತಿಯನ್ನು ಓದಿ ಪ್ರೋಟೀನು ಕಟ್ಟುವ ಯಂತ್ರ ರೈಬೋಸೋಮ್.

ಮನುಷ್ಯನ ಡಿಎನ್‌ಎಯಲ್ಲಿ ಸುಮಾರು 300 ಕೋಟಿ ಅಕ್ಷರಗಳಿವೆ. ಪ್ರೋಟೀನಿಗೆ ಬೇಕಾದ ವಂಶವಾಹಿಗಳು ಸುಮಾರು 20,000. ಕಣ್ಣಿನ ಕೋಶದಲ್ಲಿ ಇರುವ ನಕ್ಷೆಯೇ ಯಕೃತ್ತಿನ ಕೋಶದಲ್ಲಿಯೂ ಇದೆ. ಆದರೂ ಕಣ್ಣು ಕಣ್ಣಾಗಿಯೇ, ಯಕೃತ್ತು ಯಕೃತ್ತಾಗಿಯೇ ಉಳಿಯುತ್ತದೆ. ಕಾರಣ, ಎಲ್ಲಿ ಯಾವ ಭಾಗದ ಪ್ರತಿ ತೆಗೆಯಬೇಕು, ಯಾವುದನ್ನು ತೆಗೆಯಕೂಡದು ಎಂಬ ಕಟ್ಟುನಿಟ್ಟಾದ ಕಾವಲು ಇದೆ. ಈ ಕಾವಲು ತಪ್ಪಿದರೆ ಕ್ಯಾನ್ಸರಿನಂಥ ಕಾಯಿಲೆ ಬರುತ್ತದೆ.

ಕಾವಲುಗಾರರೆಲ್ಲ ಪ್ರೋಟೀನುಗಳೇ ಎಂದು ಬಹುಕಾಲ ತಿಳಿಯಲಾಗಿತ್ತು. ಆರ್‌ಎನ್‌ಎ ಎಂದರೆ ಬರಿಯ ಪ್ರತಿ, ಓದಿ ಬಿಸಾಡುವ ಕಾಗದ ಎಂಬ ಭಾವನೆ. ಆದರೆ ಕೆಲವು ಆರ್‌ಎನ್‌ಎಗಳಿಂದ ಯಾವ ಪ್ರೋಟೀನೂ ತಯಾರಾಗುವುದಿಲ್ಲ. ಅವು ಕೋಶಕೇಂದ್ರದೊಳಗೇ ಉಳಿದು, ಪ್ರೋಟೀನುಗಳೊಂದಿಗೆ ಕೈಜೋಡಿಸಿ, ಇತರ ವಂಶವಾಹಿಗಳ ಪ್ರತಿ ತೆಗೆಯುವ ಕೆಲಸವನ್ನೇ ತಡೆಯುತ್ತವೆ ಅಥವಾ ಚುರುಕುಗೊಳಿಸುತ್ತವೆ. ಆರ್‌ಎನ್‌ಎ ಮತ್ತು ಪ್ರೋಟೀನು ಸೇರಿದ ಈ ಜೋಡಣೆಯೇ ನಮ್ಮ ಇಂದಿನ ವಿಷಯ.

ಒಂದು ಆರ್‌ಎನ್‌ಎ ಇಂಥ ಕೆಲಸ ಮಾಡುವುದು ಹೇಗೆ? ಅದರ ಆಕಾರದಿಂದ. ಡಿಎನ್‌ಎಗೆ ಎರಡು ಎಳೆ, ಆರ್‌ಎನ್‌ಎಗೆ ಸಾಮಾನ್ಯವಾಗಿ ಒಂದೇ ಎಳೆ. ಒಂಟಿ ಎಳೆ ಸುಮ್ಮನೆ ನೇರವಾಗಿ ನಿಲ್ಲುವುದಿಲ್ಲ. ಅದರ ಎ ಎಂಬ ಅಕ್ಷರ ಯು ಎಂಬುದನ್ನು ಹುಡುಕುತ್ತದೆ, ಜಿ ಎಂಬುದು ಸಿ ಎಂಬುದನ್ನು ಹುಡುಕುತ್ತದೆ. ಹೀಗೆ ಎಳೆ ತನ್ನ ಮೇಲೆ ತಾನೇ ಮಡಚಿಕೊಂಡು ಕೂದಲಿನ ಪಿನ್ನಿನಂಥ ಆಕಾರ ಪಡೆಯುತ್ತದೆ. ನಡುವೆ ಜೋಡಿ ಸಿಗದ ಅಕ್ಷರಗಳು ಉಬ್ಬಿ ಹೊರಗೆ ನಿಲ್ಲುತ್ತವೆ. ಆ ಉಬ್ಬಿನಲ್ಲಿಯೇ ಪ್ರೋಟೀನಿನ ಹಿಡಿತ. ಪ್ರೋಟೀನಿನಲ್ಲಿಯೂ ಆರ್‌ಎನ್‌ಎ ಹಿಡಿಯಲೆಂದೇ ಇರುವ ಭಾಗಗಳುಂಟು. ಬಹಳ ಸಾಮಾನ್ಯವಾದ ಒಂದು ಭಾಗದಲ್ಲಿ ಸುಮಾರು 90 ಅಮೈನೋ ಆಮ್ಲಗಳಿವೆ. ನಾಲ್ಕು ಪಟ್ಟಿಗಳು ಪಕ್ಕಪಕ್ಕದಲ್ಲಿ ಸೇರಿ ಒಂದು ಚಾಪೆಯಾಗುತ್ತವೆ, ಎರಡು ಸುರುಳಿಗಳು ಅದಕ್ಕೆ ಹಿಂದಿನಿಂದ ಆಸರೆ ಕೊಡುತ್ತವೆ. ಆರ್‌ಎನ್‌ಎಯ ಎಳೆ ಆ ಚಾಪೆಯ ಮೇಲೆ ಕೂರುತ್ತದೆ. ಬೀಗಕ್ಕೆ ಕೀಲಿ ಕೂಡುವ ಹಾಗೆ ಎಂದು ಪುಸ್ತಕಗಳಲ್ಲಿ ಬರೆಯುತ್ತಾರೆ. ಆದರೆ ಇಲ್ಲಿ ಬೀಗವೂ ಸ್ವಲ್ಪ ಬಾಗುತ್ತದೆ, ಕೀಲಿಯೂ ಸ್ವಲ್ಪ ಬಾಗುತ್ತದೆ ಎಂಬುದನ್ನು ನೀವು ನೆನಪಿಡಬೇಕು.

ಈಗ ಮೂರು ಉದಾಹರಣೆಗಳನ್ನು ಕೊಡುತ್ತೇನೆ.

ಮೊದಲನೆಯದು, ನಮ್ಮ ಕರುಳಿನಲ್ಲಿರುವ ಇ. ಕೊಲೈ ಬ್ಯಾಕ್ಟೀರಿಯಾ. ಇದರಲ್ಲಿ 6ಎಸ್ ಎಂಬ ಪುಟ್ಟ ಆರ್‌ಎನ್‌ಎ ಇದೆ. 1960ರ ದಶಕದಲ್ಲಿಯೇ ಇದು ಕಂಡಿದ್ದರೂ ಇದರ ಕೆಲಸವೇನೆಂದು ತಿಳಿದದ್ದು 2000ನೇ ಇಸವಿಯಲ್ಲಿ. ಅಮೆರಿಕದ ಕ್ಯಾರನ್ ವಾಸರ್‌ಮನ್ ಮತ್ತು ಗಿಸೆಲಾ ಸ್ಟಾರ್ಜ್ ಎಂಬ ಇಬ್ಬರು ಮಹಿಳೆಯರು ಅದನ್ನು ಕಂಡುಹಿಡಿದರು. ಆಹಾರ ಕಡಿಮೆಯಾದಾಗ ಈ ಆರ್‌ಎನ್‌ಎ ಹೆಚ್ಚಾಗಿ, ಪ್ರತಿ ತೆಗೆಯುವ ಯಂತ್ರಕ್ಕೇ ಅಂಟಿಕೊಂಡು ಬಹಳಷ್ಟು ವಂಶವಾಹಿಗಳ ಕೆಲಸವನ್ನು ತಗ್ಗಿಸುತ್ತದೆ. ಹೇಗೆಂದರೆ, ಇದರ ಮಡಿಕೆಯ ನಡುವೆ ಒಂದು ತೆರೆದ ಭಾಗವಿದೆ. ಅದು ನೋಡಲು ಡಿಎನ್‌ಎ ತೆರೆದುಕೊಂಡ ಜಾಗದಂತೆಯೇ ಇರುತ್ತದೆ. ಯಂತ್ರ ಮೋಸಹೋಗಿ ಡಿಎನ್‌ಎ ಎಂದು ಇದನ್ನೇ ಹಿಡಿದುಕೊಳ್ಳುತ್ತದೆ. ಆರ್‌ಎನ್‌ಎ ಡಿಎನ್‌ಎಯ ವೇಷ ಹಾಕುತ್ತದೆ ಎಂಬ ಈ ಊಹೆ ನಿಜವೆಂದು 2017ರಲ್ಲಿ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಿಂದ ತೆಗೆದ ಚಿತ್ರ ಸಾಬೀತುಪಡಿಸಿತು.

ಎರಡನೆಯದು, ನಮ್ಮದೇ ಕೋಶಗಳಲ್ಲಿರುವ 7ಎಸ್‌ಕೆ ಎಂಬ ಆರ್‌ಎನ್‌ಎ. ಇದರ ಉದ್ದ ಸುಮಾರು 330 ಅಕ್ಷರ. ನಮ್ಮ ಕೋಶದಲ್ಲಿ ಪ್ರತಿ ತೆಗೆಯುವ ಯಂತ್ರ ಹೊರಟ ಕೂಡಲೇ ಓಡುವುದಿಲ್ಲ. ಅನೇಕ ವಂಶವಾಹಿಗಳಲ್ಲಿ 20ರಿಂದ 60 ಅಕ್ಷರ ಬರೆದು ನಿಂತುಬಿಡುತ್ತದೆ, ಟೋಲ್ ಗೇಟಿನಲ್ಲಿ ಲಾರಿ ನಿಂತ ಹಾಗೆ. ಅದನ್ನು ಮುಂದಕ್ಕೆ ಬಿಡುವ ಅಧಿಕಾರಿ ಪಿ-ಟೆಫ್‌ಬಿ ಎಂಬ ಕಿಣ್ವ. ಆ ಅಧಿಕಾರಿಯನ್ನೇ 7ಎಸ್‌ಕೆ ಕಟ್ಟಿಹಾಕುತ್ತದೆ. ಅದರೊಂದಿಗೆ ಮೂರು ಪ್ರೋಟೀನುಗಳಿವೆ. ಒಂದು ಆರ್‌ಎನ್‌ಎಯ ತಲೆಗೆ ಟೋಪಿ ಹಾಕುತ್ತದೆ, ಇನ್ನೊಂದು ಬಾಲವನ್ನು ಕಾಯುತ್ತದೆ, ಹೆಕ್ಸಿಮ್ ಎಂಬ ಮೂರನೆಯದು ಕಿಣ್ವದ ಕೈಯನ್ನು ಅಮುಕಿ ಹಿಡಿಯುತ್ತದೆ. ಕೋಶಕ್ಕೆ ಅವಶ್ಯಕತೆ ಬಂದಾಗ ಕಟ್ಟು ಸಡಿಲವಾಗಿ ಅಧಿಕಾರಿ ಹೊರಬರುತ್ತಾನೆ. ಈ ವ್ಯವಸ್ಥೆ 2001ರಲ್ಲಿ ಬೆಳಕಿಗೆ ಬಂತು.

ಇದನ್ನು ಏಕೆ ತಿಳಿಯಬೇಕು ಎನ್ನುವಿರೋ? ಏಡ್ಸ್ ತರುವ ಎಚ್‌ಐವಿ ವೈರಸ್ ಕನ್ನ ಹಾಕುವುದು ಇಲ್ಲಿಯೇ. ಆ ವೈರಸ್ಸಿನ ಆರ್‌ಎನ್‌ಎಯ ಮೊದಲ 59 ಅಕ್ಷರಗಳು ಮಡಚಿ ಟಾರ್ ಎಂಬ ಪಿನ್ ಆಕಾರವಾಗುತ್ತವೆ. ಅದರ ಬದಿಯಲ್ಲಿ ಮೂರೇ ಅಕ್ಷರಗಳ ಒಂದು ಉಬ್ಬು. ವೈರಸ್ಸಿನ ಟ್ಯಾಟ್ ಎಂಬ ಪ್ರೋಟೀನು 7ಎಸ್‌ಕೆ ಕಟ್ಟಿನಿಂದ ನಮ್ಮ ಅಧಿಕಾರಿಯನ್ನು ಕದ್ದು ತಂದು, ಈ ಉಬ್ಬಿನ ಮೇಲೆ ಕೂರಿಸುತ್ತದೆ. ಆಮೇಲೆ ನಮ್ಮ ಯಂತ್ರ, ನಮ್ಮ ಕಿಣ್ವ, ಪ್ರತಿ ಮಾತ್ರ ವೈರಸ್ಸಿನದು. ಟ್ಯಾಟ್ ಮತ್ತು ಆ ಕಿಣ್ವ ಒಂದಕ್ಕೊಂದು ಹೇಗೆ ಅಪ್ಪಿಕೊಂಡಿವೆ ಎಂಬ ಚಿತ್ರ 2010ರಲ್ಲಿ ದೊರಕಿತು. ಕಳ್ಳ ಯಾವ ಕಿಟಕಿಯಿಂದ ಬರುತ್ತಾನೆಂದು ತಿಳಿದರೆ ತಾನೇ ಸರಳು ಹಾಕಲು ಸಾಧ್ಯ?

ಮೂರನೆಯ ಉದಾಹರಣೆ ನಮ್ಮ ನಾಡಿನದು. ನರಸಾಪುರದಿಂದ ಕೆಲವೇ ಗಂಟೆಗಳ ದಾರಿ. ಬೆಂಗಳೂರಿನ ಜಕ್ಕೂರಿನಲ್ಲಿ ಜವಾಹರಲಾಲ್ ನೆಹರು ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರವಿದೆ. 1989ರಲ್ಲಿ ಸ್ಥಾಪನೆಯಾದ ಸಂಸ್ಥೆ ಇದು. ಅಲ್ಲಿ ಪ್ರೊಫೆಸರ್ ಎಂ.ಆರ್.ಎಸ್. ರಾವ್ ಎಂಬ ವಿಜ್ಞಾನಿ ಇದ್ದರು. 1948ರಲ್ಲಿ ಮೈಸೂರಿನಲ್ಲಿ ಹುಟ್ಟಿದವರು, ಬೆಂಗಳೂರು ವಿಶ್ವವಿದ್ಯಾಲಯದಲ್ಲಿ ಬಿ.ಎಸ್ಸಿ., ಎಂ.ಎಸ್ಸಿ. ಓದಿದವರು. 2003ರಿಂದ 2013ರವರೆಗೆ ಆ ಸಂಸ್ಥೆಯ ಅಧ್ಯಕ್ಷರಾಗಿದ್ದರು. 2010ರಲ್ಲಿ ಪದ್ಮಶ್ರೀ ಪಡೆದರು. 2023ರ ಆಗಸ್ಟ್‌ನಲ್ಲಿ ನಿಧನರಾದರು.

ರಾವ್ ಮತ್ತು ಅವರ ವಿದ್ಯಾರ್ಥಿಗಳು 2004ರಲ್ಲಿ ಇಲಿಯ ಎಂಟನೆಯ ವರ್ಣತಂತುವಿನಲ್ಲಿ ಒಂದು ಹೊಸ ಆರ್‌ಎನ್‌ಎಯನ್ನು ವರದಿ ಮಾಡಿದರು. ಉದ್ದ ಸುಮಾರು 2,400 ಅಕ್ಷರ. ಹೆಸರು ಎಂಆರ್‌ಎಚ್‌ಎಲ್. ಇದರಿಂದ ಯಾವ ಪ್ರೋಟೀನೂ ಆಗುವುದಿಲ್ಲ. ಇದು ಕೋಶಕೇಂದ್ರವನ್ನು ಬಿಟ್ಟು ಕದಲುವುದೂ ಇಲ್ಲ. ಹಾಗಾದರೆ ಇದೇಕೆ ಇದೆ? ಎಂಟು ವರ್ಷಗಳ ನಂತರ, 2012ರಲ್ಲಿ, ಉತ್ತರದ ಒಂದು ಭಾಗ ಸಿಕ್ಕಿತು. ವೀರ್ಯಾಣುವಾಗಿ ಬೆಳೆಯಬೇಕಾದ ಮೂಲಕೋಶಗಳಲ್ಲಿ ಈ ಆರ್‌ಎನ್‌ಎ ಪಿ68 ಎಂಬ ಪ್ರೋಟೀನಿನೊಂದಿಗೆ ಜೋಡಿಯಾಗಿರುತ್ತದೆ. ಪಿ68 ಎಂದರೆ ಆರ್‌ಎನ್‌ಎಯ ಮಡಿಕೆಗಳನ್ನು ಬಿಡಿಸಬಲ್ಲ ಕಿಣ್ವ. ಪ್ರಯೋಗಾಲಯದಲ್ಲಿ ಎಂಆರ್‌ಎಚ್‌ಎಲ್ ಆರ್‌ಎನ್‌ಎಯನ್ನು ಇಲ್ಲದಂತೆ ಮಾಡಿದಾಗ ಪಿ68 ಕೋಶಕೇಂದ್ರದಿಂದ ಹೊರಗೆ ಹೊರಟುಹೋಯಿತು. ಬೀಟಾ-ಕೆಟೆನಿನ್ ಎಂಬ ಇನ್ನೊಂದು ಪ್ರೋಟೀನು ಒಳಗೆ ಬಂತು. ವಿಂಟ್ ಎಂಬ ಸಂಕೇತ ಮಾರ್ಗ ತೆರೆದುಕೊಂಡು ಇನ್ನೂರಕ್ಕೂ ಹೆಚ್ಚು ವಂಶವಾಹಿಗಳ ಕೆಲಸ ಏರುಪೇರಾಯಿತು. ಅಂದರೆ ಜೋಡಿಯಲ್ಲಿ ಒಬ್ಬ ಕಾವಲುಗಾರ ಇಲ್ಲವಾದರೆ ಇನ್ನೊಬ್ಬನೂ ಬಾಗಿಲಲ್ಲಿ ನಿಲ್ಲುವುದಿಲ್ಲ.

ಮುಂದೆ 2017ರಲ್ಲಿ ಅದೇ ತಂಡ ಇನ್ನೊಂದು ಹೆಜ್ಜೆ ಇಟ್ಟಿತು. ಸಾಕ್ಸ್8 ಎಂಬ ವಂಶವಾಹಿಯ ಬಾಗಿಲಲ್ಲಿಯೇ ಎಂಆರ್‌ಎಚ್‌ಎಲ್ ಮತ್ತು ಪಿ68 ಕೂತು ಅದನ್ನು ಮುಚ್ಚಿಡುತ್ತವೆ ಎಂದು ತೋರಿಸಿತು. ಸಂಕೇತ ಬಂದಾಗ ಈ ಆರ್‌ಎನ್‌ಎ ಕಡಿಮೆಯಾಗುತ್ತದೆ, ಬಾಗಿಲು ತೆರೆಯುತ್ತದೆ, ಕೋಶ ವೀರ್ಯಾಣುವಾಗುವ ದಾರಿಗೆ ಬೀಳುತ್ತದೆ. ಇದು ಇಲಿಯಲ್ಲಿ ನಡೆದ ಅಧ್ಯಯನ, ನಾಳೆಯೇ ಔಷಧಿಯಾಗುವ ಮಾತಲ್ಲ. ಆದರೆ ಮಕ್ಕಳಾಗದ ದಂಪತಿಗಳ ಕಷ್ಟವನ್ನು, ಅದರಲ್ಲಿಯೂ ಎಲ್ಲ ದೋಷವನ್ನೂ ಹೆಣ್ಣಿನ ಮೇಲೆ ಹೊರಿಸುವ ನಮ್ಮ ಸಮಾಜವನ್ನು ನೆನೆದರೆ, ಗಂಡಿನ ಕೋಶದಲ್ಲಿ ಏನು ನಡೆಯುತ್ತದೆಂದು ತಿಳಿಯುವುದು ಎಷ್ಟು ಅಗತ್ಯ ಎಂಬುದನ್ನು ನಾನು ಹೆಚ್ಚು ವಿವರಿಸಬೇಕಾಗಿಲ್ಲ.

ಇಂಥ ಜ್ಞಾನ ಔಷಧಿಯಾದದ್ದೂ ಉಂಟು. ಎಸ್‌ಎಂಎ ಎಂಬ ಕಾಯಿಲೆಯಲ್ಲಿ ಮಗುವಿನ ಸ್ನಾಯುಗಳು ಶಕ್ತಿ ಕಳೆದುಕೊಳ್ಳುತ್ತವೆ. ಕಾರಣ, ಒಂದು ಅವಶ್ಯ ಪ್ರೋಟೀನು ಸಾಕಷ್ಟು ತಯಾರಾಗುವುದಿಲ್ಲ. ಅದನ್ನು ಮಾಡಬಲ್ಲ ಬದಲಿ ವಂಶವಾಹಿ ಇದ್ದರೂ ಅದರ ಆರ್‌ಎನ್‌ಎಯನ್ನು ಕತ್ತರಿಸಿ ಜೋಡಿಸುವಾಗ ಒಂದು ತುಂಡು ಬಿಟ್ಟುಹೋಗುತ್ತದೆ. ಇದು ಪ್ರತಿಲೇಖನದ ಮುಂದಿನ ಹಂತ. ಆ ಆರ್‌ಎನ್‌ಎಯ ಒಂದು ಪುಟ್ಟ ಜಾಗದಲ್ಲಿ ತಡೆಯುವ ಪ್ರೋಟೀನುಗಳು ಕೂರುತ್ತವೆ. ಆ ಜಾಗವನ್ನು ಭಾರತ ಮೂಲದ ವಿಜ್ಞಾನಿ ರವೀಂದ್ರ ಸಿಂಗ್ ಮತ್ತು ಅವರ ಸಂಗಡಿಗರು ಅಮೆರಿಕದಲ್ಲಿ ಗುರುತಿಸಿದರು. ಅದನ್ನು ಮುಚ್ಚುವ ನುಸಿನರ್ಸೆನ್ ಎಂಬ ಔಷಧಿಗೆ 2016ರಲ್ಲಿ ಅಮೆರಿಕದಲ್ಲಿ ಅನುಮತಿ ದೊರೆಯಿತು. ಪ್ರೋಟೀನು ಆರ್‌ಎನ್‌ಎಯ ಮೇಲೆ ಎಲ್ಲಿ ಕೂರುತ್ತದೆ ಎಂಬ ಒಂದು ಪ್ರಶ್ನೆಗೆ ಸಿಕ್ಕ ಉತ್ತರದಿಂದ ಮಕ್ಕಳ ಪ್ರಾಣ ಉಳಿಯಿತು. ಆದರೆ ಆ ಔಷಧಿಯ ಬೆಲೆ ಸಾಮಾನ್ಯ ಕುಟುಂಬದ ಕೈಗೆ ಎಟುಕುವಂಥದ್ದಲ್ಲ. ಆದ್ದರಿಂದಲೇ ಇದನ್ನು ಬಲ್ಲವರು ನಮ್ಮ ನಾಡಿನಲ್ಲಿಯೂ ಹೆಚ್ಚಬೇಕು.

ಕಣ್ಣಿಗೆ ಕಾಣದ ಈ ಆಕಾರಗಳನ್ನು ನೋಡುವುದು ಹೇಗೆ ಎಂದು ವಿದ್ಯಾರ್ಥಿಗಳು ಕೇಳಬೇಕು. ಒಂದು ದಾರಿ, ಅಣುಗಳನ್ನು ಹರಳುಗಟ್ಟಿಸಿ ಕ್ಷಕಿರಣ ಹಾಯಿಸುವುದು. ಇನ್ನೊಂದು, ಅವುಗಳನ್ನು ಕ್ಷಣಾರ್ಧದಲ್ಲಿ ಹೆಪ್ಪುಗಟ್ಟಿಸಿ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಲಕ್ಷಾಂತರ ಚಿತ್ರ ತೆಗೆದು ಗಣಕಯಂತ್ರದಿಂದ ಒಟ್ಟುಗೂಡಿಸುವುದು. ಈ ಎರಡನೆಯ ವಿಧಾನಕ್ಕೆ 2017ರಲ್ಲಿ ನೊಬೆಲ್ ಪ್ರಶಸ್ತಿ ಸಂದಿತು. ಉದ್ದನೆಯ ಆರ್‌ಎನ್‌ಎಗಳು ಒದ್ದೆ ದಾರದ ಹಾಗೆ ಬಳುಕುವುದರಿಂದ ಅವುಗಳ ಪೂರ್ಣ ರಚನೆ ಕಾಣುವುದು ಇಂದಿಗೂ ಬಲು ಕಠಿಣ. ನಿಮ್ಮ ಪೀಳಿಗೆಗೆ ಉಳಿದಿರುವ ಕೆಲಸ ಅದು. ಈ ವಿದ್ಯೆಗೆ ನಮ್ಮಲ್ಲಿ ಒಳ್ಳೆಯ ಪರಂಪರೆಯೂ ಇದೆ. ಪ್ರೋಟೀನಿನ ಸರಪಳಿ ಎಷ್ಟು ಕೋನಕ್ಕೆ ತಿರುಗಬಲ್ಲದೆಂದು 1963ರಲ್ಲಿ ತೋರಿಸಿದ ಜಿ.ಎನ್. ರಾಮಚಂದ್ರನ್ 1971ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅಣು ಜೀವಭೌತ ವಿಭಾಗವನ್ನು ಕಟ್ಟಿದರು. ಅದೇ ಸಂಸ್ಥೆಯಲ್ಲಿ ಕೆ.ಪಿ. ಗೋಪಿನಾಥನ್ ಮತ್ತು ಅವರ ವಿದ್ಯಾರ್ಥಿಗಳು ರೇಷ್ಮೆ ಹುಳುವಿನ ವಂಶವಾಹಿಗಳ ಪ್ರತಿಲೇಖನವನ್ನು ಅಭ್ಯಸಿಸಿದರು.

ಇನ್ನೊಬ್ಬರ ಹೆಸರನ್ನು ಈ ಸಭೆಯಲ್ಲಿ ಹೇಳಲೇಬೇಕು. ಒಬೈದ್ ಸಿದ್ದೀಕಿ. 1932ರಲ್ಲಿ ಉತ್ತರ ಪ್ರದೇಶದ ಬಸ್ತಿ ಜಿಲ್ಲೆಯಲ್ಲಿ ಹುಟ್ಟಿ, ಅಲೀಗಢದಲ್ಲಿ ಓದಿದವರು. ಅಲನ್ ಗ್ಯಾರನ್ ಜೊತೆ ಸೇರಿ ಬ್ಯಾಕ್ಟೀರಿಯಾದಲ್ಲಿ ಅರ್ಧಕ್ಕೆ ನಿಂತುಹೋಗುವ ಸಂದೇಶವನ್ನು ಪೂರ್ತಿ ಓದಿಸುವ ವಂಶವಾಹಿ ಬದಲಾವಣೆಗಳನ್ನು ಅವರು 1962ರಲ್ಲಿ ವರದಿ ಮಾಡಿದರು. ಅಂಥ ಬದಲಾವಣೆಗಳಲ್ಲಿ ಅನೇಕವು ಒಂದು ಪುಟ್ಟ ಆರ್‌ಎನ್‌ಎಯಲ್ಲಿ ಆದವು ಎಂದು ಮುಂದೆ ತಿಳಿಯಿತು. ಭಾರತಕ್ಕೆ ಮರಳಿ ಮುಂಬಯಿಯ ಟಾಟಾ ಸಂಸ್ಥೆಯಲ್ಲಿ ಅಣುಜೀವಶಾಸ್ತ್ರ ವಿಭಾಗವನ್ನೂ, ನಂತರ ಬೆಂಗಳೂರಿನ ಜಿಕೆವಿಕೆ ಆವರಣದಲ್ಲಿ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರವನ್ನೂ ಕಟ್ಟಿದರು. 2013ರಲ್ಲಿ ಬೆಂಗಳೂರಿನಲ್ಲಿಯೇ ತೀರಿಕೊಂಡರು. ಇಂದು ಆ ಕೇಂದ್ರದ ಬಾಗಿಲು ಯೋಗ್ಯತೆಯಿರುವ ಎಲ್ಲರಿಗೂ ತೆರೆದಿದೆ.

ಈಗ ಪೋಷಕರಿಗೆ ಎರಡು ಮಾತು. ನಮ್ಮ ಊರಿನ ಕೈಗಾರಿಕಾ ಪ್ರದೇಶದಲ್ಲಿ ಪಿಯುಸಿ, ಐಟಿಐ ಮುಗಿಸಿದವರಿಗೆ ಕೆಲಸ ಸಿಗುತ್ತದೆ. ಮನೆಗೆ ತಿಂಗಳು ತಿಂಗಳು ಸಂಬಳ ಬರುತ್ತದೆ. ಆ ದುಡಿಮೆಯನ್ನು ನಾನು ಹಗುರವಾಗಿ ಕಾಣುವವನಲ್ಲ. ಅದರಿಂದಲೇ ಎಷ್ಟೋ ಮನೆಗಳ ಸಾಲ ತೀರಿದೆ, ತಂಗಿಯರ ಶುಲ್ಕ ಕಟ್ಟಿದೆ. ಆದರೆ ಹತ್ತು ಮಕ್ಕಳಲ್ಲಿ ಒಂದು ಮಗು ಹುಳು ಜ್ವರಕ್ಕೆ ಹೋದಾಗ ಏಕೆ ತಿನ್ನುವುದಿಲ್ಲ ಎಂದು ಕೇಳುತ್ತದೆ. ಆ ಮಗುವನ್ನು ಹದಿನೆಂಟಕ್ಕೇ ಗೇಟಿನೊಳಗೆ ಕಳಿಸಿದರೆ ನಷ್ಟ ಆ ಮನೆಯದು ಮಾತ್ರವಲ್ಲ. ಹೆಣ್ಣುಮಕ್ಕಳಾದರಂತೂ ಓದು ನಿಲ್ಲಿಸಲು ಕಾರಣಗಳನ್ನು ನಾವು ಹುಡುಕಿ ಇಟ್ಟುಕೊಂಡಿರುತ್ತೇವೆ. 6ಎಸ್ ಆರ್‌ಎನ್‌ಎಯ ಗುಟ್ಟು ಬಿಡಿಸಿದವರು ಇಬ್ಬರು ಹೆಣ್ಣುಮಕ್ಕಳು ಎಂಬುದನ್ನು ಆಗ ನೆನಪು ಮಾಡಿಕೊಳ್ಳಿ.

ದಾರಿ ಹೀಗಿದೆ. ಪಿಯುಸಿಯಲ್ಲಿ ಜೀವಶಾಸ್ತ್ರದ ಜೊತೆ ಗಣಿತವನ್ನು ಬಿಡಬೇಡಿ. ಬಿ.ಎಸ್ಸಿ.ಗೆ ಕೋಲಾರದಲ್ಲಿಯೇ ಕಾಲೇಜುಗಳಿವೆ. ಬಿ.ಎಸ್ಸಿ. ಕೊನೆಯ ವರ್ಷದಲ್ಲಿ ಜ್ಯಾಮ್ ಎಂಬ ರಾಷ್ಟ್ರಮಟ್ಟದ ಪರೀಕ್ಷೆ ಬರೆಯಬಹುದು. ಅದರ ಮೂಲಕ ದೊಡ್ಡ ಸಂಸ್ಥೆಗಳಲ್ಲಿ ಎಂ.ಎಸ್ಸಿ. ಮತ್ತು ಸಂಯುಕ್ತ ಪಿಎಚ್.ಡಿ. ಪ್ರವೇಶ ದೊರೆಯುತ್ತದೆ. ಪಿಎಚ್.ಡಿ. ಸೇರಿದವರಿಗೆ ಶಿಷ್ಯವೇತನವಿದೆ, ತಂದೆಯ ಜೇಬಿಗೆ ಭಾರವಿಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಅಕಾಡೆಮಿ ಇತರ ಅಕಾಡೆಮಿಗಳ ಜೊತೆ ಸೇರಿ ಬೇಸಿಗೆ ಸಂಶೋಧನಾ ಫೆಲೋಶಿಪ್ ಕೊಡುತ್ತದೆ. ಕನ್ನಡ ಅಥವಾ ಉರ್ದು ಮಾಧ್ಯಮದಲ್ಲಿ ಓದಿದೆವು ಎಂದು ಹಿಂಜರಿಯಬೇಡಿ. ವಿಷಯ ಮನಸ್ಸಿಗೆ ಹತ್ತುವುದು ತಾಯಿನುಡಿಯಲ್ಲಿ, ಇಂಗ್ಲಿಷ್ ಪದಗಳನ್ನು ಪರಿಶ್ರಮದಿಂದ ಕಲಿಯಬಹುದು.

ಸಂಘದ ಹಿರಿಯರಲ್ಲಿಯೂ ನನ್ನದೊಂದು ವಿನಂತಿ. ವಿಜ್ಞಾನ ಸಂಸ್ಥೆಯಲ್ಲಿ ವರ್ಷಕ್ಕೊಮ್ಮೆ ಸಾರ್ವಜನಿಕರಿಗಾಗಿ ಮುಕ್ತ ದಿನ ನಡೆಯುತ್ತದೆ. ಆ ದಿನ ಒಂದು ಬಸ್ಸು ಮಾಡಿ ನಮ್ಮ ಮಕ್ಕಳನ್ನು ಕರೆದೊಯ್ಯಿರಿ. ಬಹುಮಾನ ಕೊಡುವಾಗ ಹತ್ತು ಜನರಿಗೆ ಹತ್ತು ಸ್ಮರಣಿಕೆ ಹಂಚುವ ಬದಲು, ಒಬ್ಬ ಬಡ ವಿದ್ಯಾರ್ಥಿನಿಯ ಮೂರು ವರ್ಷದ ಬಿ.ಎಸ್ಸಿ. ಶುಲ್ಕವನ್ನು ಸಂಘ ವಹಿಸಿಕೊಳ್ಳಲಿ. ಸ್ಮರಣಿಕೆ ಗೋಡೆಯ ಮೇಲೆ ಉಳಿಯುತ್ತದೆ, ವಿದ್ಯೆ ಮನೆತನದಲ್ಲಿ ಉಳಿಯುತ್ತದೆ.

ಮಿತ್ರರೇ, ವಂಶವಾಹಿ ಪ್ರತಿಯೊಂದು ಕೋಶದಲ್ಲಿಯೂ ಇದೆ, ಆದರೆ ತೆರೆಯುವವರು ಬಂದಾಗ ಮಾತ್ರ ಅದು ಕೆಲಸಕ್ಕೆ ಬರುತ್ತದೆ. ಬುದ್ಧಿಯೂ ಹಾಗೆಯೇ ನಮ್ಮ ಎಲ್ಲ ಮಕ್ಕಳಲ್ಲಿಯೂ ಇದೆ. ತೆರೆಯುವ ಕೆಲಸಕ್ಕೆ ಇಲ್ಲಿಯೂ ಜೋಡಿ ಬೇಕು. ಮಗುವಿನ ಪರಿಶ್ರಮ ಒಂದು, ಹಿರಿಯರ ಆಸರೆ ಇನ್ನೊಂದು. ಒಂದು ಇಲ್ಲದೆ ಇನ್ನೊಂದು ನಿಲ್ಲುವುದಿಲ್ಲ.